ನಾಲ್ಕು ಕಾಲಿನ ದರ್ಜಿ

ಊಟಕ್ಕೆ ಕೂತಾಗ ಮಕ್ಕಳೆದುರು ಜಂಬ ಕೊಚ್ಚಿಕೊಂಡದ್ದೇ ದರ್ಜಿಯ ಗ್ರಹಚಾರಕ್ಕೆ ಮೂಲ. "ನಾಯಿನಾ? ಹುಲಿ ಬಂದ್ರೂ ನಾನು ಹೆದರಲ್ಲ!" ಎಂದುಬಿಟ್ಟ. ನಿಜ ಹೇಳಬೇಕೆಂದರೆ, ಬೀದಿಯ ತುದಿಯಲ್ಲಿ ನಾಯಿ ಆಕಳಿಸಿದರೂ ಅಂಗಡಿಯೊಳಗೆ ಅವನ ಕೈಯ ಸೂಜಿ ನಡುಗುತ್ತಿತ್ತು. ಈ ಗುಟ್ಟು ಹೆಣ್ಣುಮಕ್ಕಳಿಬ್ಬರಿಗೂ ತಿಳಿದರೆ ಮಾನ ಹೋದಂತೆಯೇ ಎಂಬ ಭಯ ಅದಕ್ಕಿಂತ ದೊಡ್ಡದು.

"ಹಾಗಿದ್ರೆ ನಮಗೊಂದು ನಾಯಿ ತಂದ್ಕೊಡಪ್ಪ," ಎಂದಳು ಕಿರಿಯವಳು.

"ಮೀನು ಸಾಕೋಣ ಕಣಮ್ಮ. ಪಾಪ, ಸದ್ದೇ ಮಾಡಲ್ಲ."

"ನಾಯೀನೇ ತನ್ನಿ," ಹೆಂಡತಿ ತೀರ್ಪು ಕೊಟ್ಟಳು. "ಮಕ್ಕಳ ಜೊತೆ ಹೊಂದ್ಕೊಂಡು ಹೋಗೋದನ್ನ ನೋಡಿ ಆರಿಸಿ."

ಬೀದಿಪಾಲಾದ ನಾಯಿಗಳನ್ನು ಸಾಕುವ ಹೆಂಗಸೊಬ್ಬಳ ಮನೆಗೆ ಮಕ್ಕಳೊಂದಿಗೆ ಹೊರಟಾಗ, ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಕರೆಯದೆಯೇ ಜೊತೆಯಾದ. ಕಂಡವರಿಗೆಲ್ಲ ಬುದ್ಧಿ ಹೇಳುವುದೇ ಈಗ ಅವನ ಉದ್ಯೋಗ.

ಗೇಟು ತೆರೆಯುತ್ತಿದ್ದಂತೆ ಬೊಗಳಾಟ ಶುರುವಾಯಿತು. ದರ್ಜಿ ಮೆಲ್ಲಗೆ ಕಾಂಪೌಂಡರನ ಬೆನ್ನ ಹಿಂದೆ ಸರಿದ. ಅಂಗಳದ ಮೂಲೆಯಲ್ಲಿ ಕರುವಿನಷ್ಟು ಎತ್ತರದ ಕಂದು ನಾಯಿಯೊಂದು ಎದ್ದು ನಿಂತಿತು.

"ಇವಳ ಮರಿಗಳೆಲ್ಲ ಮೊನ್ನೆ ಬೇರೆ ಮನೆ ಸೇರಿದ್ವು," ಎಂದಳು ಆ ಹೆಂಗಸು. "ಮಕ್ಕಳು ಅಂದ್ರೆ ಪ್ರಾಣ ಇವಳಿಗೆ."

"ಬಾಯಿಮಾತು ನಂಬಬೇಡಿ," ಎಂದ ಕಾಂಪೌಂಡರ್. "ಮಗು ಥರ ಅಂಬೆಗಾಲಿಟ್ಟು ಹೋಗಿ ಕಿವಿ ಎಳೀರಿ. ಕಚ್ಚಿದ್ರೆ ಬೇಡ ಅಂದ್ಬಿಡೋಣ."

"ಕಚ್ಚಿದ್ಮೇಲೆ ಬೇಡ ಅಂದು ಏನ್ರೀ ಪ್ರಯೋಜನ?"

"ಯಾಕೆ, ಭಯಾನಾ?"

ಮಕ್ಕಳಿಬ್ಬರೂ ಅಪ್ಪನ ಮುಖವನ್ನೇ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ದರ್ಜಿ ಮಂಡಿಯೂರಿದ. ಎದೆ ಹೊಲಿಗೆ ಯಂತ್ರದಂತೆ ಬಡಿದುಕೊಳ್ಳುತ್ತಿತ್ತು. ತೆವಳುತ್ತ ಹೋಗಿ, ಎರಡೇ ಬೆರಳಿನಿಂದ ಕಿವಿ ಎಳೆದ. ನಾಯಿ ಬಾಯಿ ತೆರೆಯಿತು. ಅಬ್ಬಾ, ಎಷ್ಟೊಂದು ಹಲ್ಲು! "ಅಮ್ಮಾ!" ಎಂದು ಕಣ್ಣು ಮುಚ್ಚಿಕೊಂಡ.

ಬಿಸಿ ನಾಲಿಗೆಯೊಂದು ಅವನ ಮುಖವನ್ನೆಲ್ಲ ನೆಕ್ಕಿತು. ಆಮೇಲೆ ನಾಯಿ ಅವನ ಕಾಲರ್ ಕಚ್ಚಿಕೊಂಡು ತನ್ನ ಗೋಣಿತಾಟಿನ ಮೇಲೆ ಎಳೆದು ಹಾಕಿ, ಕಾವಲು ಕೂತಿತು.

"ಪಾಸ್!" ಎಂದು ಕಾಂಪೌಂಡರ್ ಘೋಷಿಸಿದ.

ನಾಯಿ ಮನೆಗೆ ಬಂತು. ಸಂಜೆ ಗಿರಾಕಿಗೆ ಕೋಟು ಕೊಡಲು ದರ್ಜಿ ಅಂಗಡಿಗೆ ಹೊರಟರೆ, ಅದು ಬಾಗಿಲಿಗೆ ಅಡ್ಡ ನಿಂತಿತು. ಹೊಸ್ತಿಲ ಮೇಲೆ ಕಾಲಿಟ್ಟನೋ ಇಲ್ಲವೋ, ಗುರ್ ಎಂದು ಕಾಲರ್ ಹಿಡಿದು ಒಳಗೆ ಎಳೆದು ತಂದು ಚಾಪೆಯ ಮೇಲೆ ಕೆಡವಿತು. ಕೊನೆಗೆ ಕೋಟು ಎತ್ತಿಕೊಂಡು ಹೆಂಡತಿ ಹೊರಟಳು. ಅವಳಿಗೆ ಬಾಲ ಅಲ್ಲಾಡಿಸಿ ದಾರಿ ಬಿಟ್ಟಿತು.

ಕಿಟಕಿಯಲ್ಲಿ ಕಾಂಪೌಂಡರ್ ಇಣುಕಿದ. "ನಿಮ್ಮನ್ನ ಮಗು ಅಂದ್ಕೊಂಡಿದಾಳೆ ಕಣ್ರೀ! ಇನ್ನು ನಿಮ್ಮನ್ನ ಹೊರಗೆ ಬಿಡ್ತಾಳಾ?"

ದರ್ಜಿಯ ಜೀವ ಬಾಯಿಗೆ ಬಂದಿತ್ತು. ಆದರೂ ಮಾನ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ. ನಾಯಿಯ ಮುಂಗಾಲಿನಡಿ ಸಿಕ್ಕಿಕೊಂಡೇ ಕೇಳಿದ, "ನೋಡಿದ್ರಾ ಮಕ್ಳೇ, ಅಪ್ಪ ಹೆದರಿದ್ನಾ?"

ಕಿರಿಯವಳು ಹತ್ತಿರ ಬಂದು ಅವನ ತಲೆ ಸವರಿದಳು.

"ಸುಮ್ನಿರಪ್ಪ, ಅಮ್ಮ ಎಲ್ಲಾ ಹೇಳಿದಾಳೆ. ಮಕ್ಕಳ ಜೊತೆ ಹೊಂದ್ಕೊಳ್ಳೋ ನಾಯಿ ಬೇಕು ಅಂದಿದ್ದು ನಿನಗೋಸ್ಕರಾನೇ. ನಮಗಾದ್ರೆ ಯಾವ ನಾಯಿ ತಂದಿದ್ರೂ ನಡೀತಿತ್ತು. ಈ ಮನೇಲಿ ನಾಯಿಗೆ ಹೆದರೋ ಮಗು ನೀನೊಬ್ಬನೇ."