ಮೂವತ್ತೊಂದು ಚಪ್ಪಲಿಗಳ ಚಿತ್ರ

ಬೀದಿಯಲ್ಲಿ ಬಿದ್ದಿದ್ದ ಕಿತ್ತ ಚಪ್ಪಲಿಯೊಂದನ್ನು ಬೈಂಡರ್ ಮಾಮ ಎತ್ತಿ ಚೀಲಕ್ಕೆ ಹಾಕಿಕೊಂಡದ್ದೇ ಎಲ್ಲದಕ್ಕೂ ಮೂಲ. ಹಿಂದಿನ ವಾರ ನೀರು ಕೇಳಲು ಬೀದಿಯವರು ಹೊರಟಿದ್ದ ಮೆರವಣಿಗೆ ಲಾಠಿ ಕಂಡು ದಿಕ್ಕಾಪಾಲಾಗಿ ಓಡಿತ್ತು. ಗಲಾಟೆಯೆಂದರೆ ಮಾರು ದೂರ ಹಾರುವ ಮಾಮ ಅಂಗಡಿಯ ಷಟರ್ ಎಳೆದುಕೊಂಡು ಒಳಗೆ ಕೂತಿದ್ದ. ಎಲ್ಲ ತಣ್ಣಗಾದ ಮೇಲೆ ಹೊರಬಂದು ಮೂವತ್ತೊಂದು ಚಪ್ಪಲಿ, ನಾಲ್ಕು ಕನ್ನಡಕ, ಮುರಿದ ಕೊಡೆಯೊಂದನ್ನು ಆರಿಸಿಕೊಂಡ.

ಮಾಮ ಯಾರ ಬಳಿಯೂ ಚಿತ್ರಕಲೆ ಕಲಿತವನಲ್ಲ. ಪುಸ್ತಕಗಳಿಗೆ ರಟ್ಟು ಹಾಕುತ್ತ ಹಾಕುತ್ತ, ಅಂಟು ದಾರಗಳಲ್ಲೇ ಚಿತ್ರ ಮಾಡುವುದನ್ನು ತಾನಾಗಿ ರೂಢಿಸಿಕೊಂಡಿದ್ದ. ಈಗ ಬಾಗಿಲಗಲದ ಹಲಗೆಗೆ ಹರಿದ ಪೋಸ್ಟರು ಅಂಟಿಸಿ, ಕೆಂಪು ಬಣ್ಣ ಎರಚಿ, ಚಪ್ಪಲಿಗಳನ್ನು ಎದ್ದುಬಿದ್ದು ಓಡುವಂತೆ ಹೊಲಿದು, ನಡುವೆ ಕನ್ನಡಕ, ಕೊಡೆಯನ್ನೂ ಸೇರಿಸಿದ್ದ. ಸಂಜೆ ಐದಕ್ಕೆ ಅದು ಪುರಭವನದ ಪ್ರದರ್ಶನಕ್ಕೆ ತಲುಪಬೇಕಿತ್ತು. ಐವತ್ತು ವರ್ಷದಲ್ಲಿ ಮೊದಲ ಸಲ ಯಾರೋ ಅವನಿಗೊಂದು ಗೋಡೆ ಕೊಟ್ಟಿದ್ದರು, ಸಂತೋಷಕ್ಕೆ ಊಟವೇ ಸೇರುತ್ತಿರಲಿಲ್ಲ.

ಬೀದಿಯವರಿಗೂ ಸೇರುತ್ತಿರಲಿಲ್ಲ, ಭಯಕ್ಕೆ. ಎದುರುಮನೆಯ ನಿವೃತ್ತ ಗುಮಾಸ್ತರು ಸರಿಸಿ ಸರಿಸಿ ಅವರ ಕಿಟಕಿಯ ಪರದೆಯ ಅಂಚು ಸವೆದಿತ್ತು. ಟೈಲರ್ ಅಕ್ಕ ಸೂಜಿ ಕೇಳುವ ನೆಪದಲ್ಲಿ ಇಣುಕಿ, ಒಳಗೆಲ್ಲ ರಕ್ತವೆಂದು ವರದಿ ಒಪ್ಪಿಸಿದಳು. ಮೆರವಣಿಗೆಯಲ್ಲಿ ಯಾರ್ಯಾರಿದ್ದರೆಂದು ಪೊಲೀಸರಿಗೆ ಹೇಳಲು ಮಾಮ ಸಾಕ್ಷಿ ಕೂಡಿಡುತ್ತಿದ್ದಾನೆ ಎಂಬುದು ಗುಮಾಸ್ತರ ತೀರ್ಮಾನ. ಅವನಿಗಿಂತ ಮೊದಲು ತಾವೇ ಠಾಣೆಗೆ ಹೋಗಿ, ಗಲಾಟೆಯ ರೂವಾರಿ ಅವನೇ ಎಂದು ದೂರು ಕೊಟ್ಟು ಬಂದರು.

ಮೂರು ಗಂಟೆಗೆ ಹಲಗೆಯನ್ನು ಕೈಗಾಡಿಗೆ ಏರಿಸುತ್ತಿದ್ದಾಗ ಇನ್ಸ್‌ಪೆಕ್ಟರು ಬಂದಿಳಿದರು. ಬೀದಿಗೆ ಬೀದಿಯೇ ನೆರೆಯಿತು. ಮಾಮ ಎಲ್ಲ ವಿವರಿಸಿದ. ಅವರು ಹಲಗೆಯ ಹಿಂದೆ ಮುಂದೆ ಲಾಠಿಯಿಂದ ತಟ್ಟಿ, ಬಹಳ ಹೊತ್ತು ನೋಡಿದರು.

“ಚಿತ್ರ ಅಂತ ಒಪ್ಕೊಂಡೆ. ನೋಡಿದ್ರೆ ಕಾಲುಗಳೇ ಓಡ್ತಿರೋ ಹಾಗಿದೆ. ಆದ್ರೆ ಈ ಸಾಮಾನೆಲ್ಲ ಯಾರ್ದು?”

“ನಮ್ಮ ಬೀದಿಯವರದ್ದೇ ಸಾರ್, ಬೇಕಾದ್ರೆ ಕೇಳಿ.”

“ಒಬ್ರು ನಂದು ಅಂದ್ರೂ ಸಾಕು, ನೀವು ಹೊರಡಿ.”

ಮಾಮನಿಗೆ ಹೋದ ಜೀವ ಬಂದಂತಾಯಿತು. ಗುಮಾಸ್ತರು ತಮ್ಮ ಹೆಬ್ಬೆರಳಿನ ಅಚ್ಚು ಇಳಿದಿದ್ದ ಚಪ್ಪಲಿಯನ್ನು ಜನ್ಮದಲ್ಲೇ ಕಾಣದವರಂತೆ ನೋಡಿ ತಲೆಯಾಡಿಸಿದರು. ತಾನು ಕನ್ನಡಕ ಹಾಕುವುದೇ ಇಲ್ಲವೆಂದ ಟೈಲರ್ ಅಕ್ಕ, ಹಿಂದೆ ಸರಿಯುವಾಗ ದೀಪದ ಕಂಬಕ್ಕೆ ಡಿಕ್ಕಿ ಹೊಡೆದಳು. ಉಳಿದವರೂ ಹಾಗೆಯೇ. ಕೊನೆಗೆ ಮಾಮ ಹೆಂಡತಿಯ ಕಡೆ ತಿರುಗಿದ. ಕೊಡೆ ಅವಳದೇ, ಅದರ ಹಿಡಿಗೆ ದಾರ ಸುತ್ತಿಕೊಟ್ಟವನು ಅವನೇ.

“ನೀನಾದ್ರೂ ಹೇಳೇ.”

“ನಾನು ಅವತ್ತು ಮನೆ ಬಿಟ್ಟು ಹೊರಗೇ ಬಂದಿಲ್ವಲ್ಲ” ಎಂದು ಅವಳು ಸೆರಗು ಸರಿಮಾಡಿಕೊಂಡಳು.

ಮಾಮನಿಗೆ ಅಳುವೇ ಬಂತು. ಇನ್ಸ್‌ಪೆಕ್ಟರು ಮಾತ್ರ ವಾರದಿಂದ ಬಿಡಿಸಲಾಗದ ಲೆಕ್ಕ ಬಿಡಿಸಿದವರಂತೆ ಗೆಲುವಾಗಿದ್ದರು.

“ಬೇರೆ ಯಾರ್ದೂ ಅಲ್ಲ, ಸಿಕ್ಕಿದ್ದು ನಿಮ್ಮ ಹತ್ರ. ಅಂದ್ಮೇಲೆ ಅವತ್ತು ಬಂದಿದ್ದ ಗುಂಪೆಲ್ಲ ನೀವೇ.”

ಅಂದು ನಿಜವಾಗಿಯೂ ಹೊರಗೆ ಬಾರದಿದ್ದ ಆ ಬೀದಿಯ ಒಬ್ಬನೇ ಒಬ್ಬ ಮನುಷ್ಯ ತಲೆ ತಗ್ಗಿಸಿ ನಡೆದ. ಹಲಗೆಯನ್ನು ಜೀಪಿನ ಮೇಲೆ ಕಟ್ಟಿದರು. ಗುಂಪು ಹಿಂದಿನ ಸೀಟಿನ ಮೂಲೆಯಲ್ಲಿ ಮುದುಡಿ ಕೂತಿತು.