ಮಾರ್ಚೋ ಸೆಪ್ಟೆಂಬರೋ

ಡಾಕ್ಟರ್ ಕರಿಬಸಪ್ಪನಿಗೆ ತೊಂದರೆ ಬಂದದ್ದು ಒಂದು ಚೌಕದಿಂದ. ಅರ್ಜಿಯ ಎರಡನೆಯ ಪುಟದಲ್ಲಿ ಬೆಂಕಿಪೊಟ್ಟಣದಷ್ಟಿದ್ದ ಆ ಚೌಕದೊಳಗೆ 'ಮಾರ್ಚ್' ಎಂದೋ 'ಸೆಪ್ಟೆಂಬರ್' ಎಂದೋ ಬರೆಯಬೇಕಿತ್ತು. ಹದಿನೆಂಟು ದಿನಗಳಿಂದ ಅದು ಖಾಲಿಯಾಗಿಯೇ ಇತ್ತು.

ಸಂಗತಿ ಇಷ್ಟೇ. ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಇದ್ದುಕೊಂಡು ಶಸ್ತ್ರಚಿಕಿತ್ಸೆ ಕಲಿಯಲು ವರ್ಷಕ್ಕೆ ಎರಡೇ ಜಾಗ. ಕೇಳುವವರು ಇನ್ನೂರು ಮಂದಿ. ಅದಕ್ಕೆ ಮೊದಲು ಒಂದು ಅರ್ಹತಾ ಪರೀಕ್ಷೆ ಪಾಸಾಗಬೇಕು; ಈ ಅರ್ಜಿ ಅದಕ್ಕೇ. ಮಾರ್ಚಿನಲ್ಲಿ ಕೂತರೆ, ಜೂನಿನಲ್ಲಿ ಜಾಗ ಕೇಳುವ ಹೊತ್ತಿಗೆ ಅಂಕಪಟ್ಟಿ ಕೈಯಲ್ಲಿರುತ್ತದೆ. ಆದರೆ ಓದು ಇನ್ನೂ ಅರ್ಧವಾಗಿಲ್ಲ, ನಪಾಸಾದರೆ ಆ ಕಲೆ ದಾಖಲೆಯಿಂದ ಹೋಗುವುದಿಲ್ಲ. ಸೆಪ್ಟೆಂಬರಿನಲ್ಲಿ ಕೂತರೆ ಓದೂ ಮುಗಿದಿರುತ್ತದೆ, ಜಾಗವೂ ಮುಗಿದಿರುತ್ತದೆ.

ಕರಿಬಸಪ್ಪ ಅಂಗಿಬಟ್ಟೆ ತರಲು ಹೋದರೂ ಎರಡು ಅಂಗಡಿಗಳ ನಡುವೆ ನಿಂತು, ಅಂಗಡಿಯವರು ಬಾಗಿಲು ಹಾಕಿದ ಮೇಲೆ ಬರಿಗೈಲಿ ಬರುವವನು. ರೋಗಿಯ ಹೊಟ್ಟೆಯನ್ನು ಮುಟ್ಟಿದಾಗ ಮಾತ್ರ ಅವನ ಬೆರಳುಗಳಿಗೆ ಅನುಮಾನವೆಂಬುದೇ ಇರುತ್ತಿರಲಿಲ್ಲ. ಆ ಬೆರಳುಗಳಿಗಾಗಿಯೇ ಅವನಿಗೆ ಮುಂಬಯಿ ಬೇಕಿತ್ತು.

ಅದು ಅರವತ್ತನಾಲ್ಕರ ಡಿಸೆಂಬರು. ಅರ್ಜಿ ಕಳಿಸಲು ಅದೇ ಕೊನೆಯ ದಿನ. ಮೂರು ಗಂಟೆಯ ಹಳಿಯಾಳ ಬಸ್ಸಿನಲ್ಲಿ ಟಪಾಲು ಚೀಲ ದಾಂಡೇಲಿ ಬಿಟ್ಟಿತೆಂದರೆ ಮುಗಿಯಿತು. ಮುಂಜಾನೆ ಆಸ್ಪತ್ರೆಗೆ ಬಂದವನೇ ಕಂಪೌಂಡರ್ ಇನಾಸನನ್ನು ಮೂಲೆಗೆ ಕರೆದು ಎಲ್ಲವನ್ನೂ ಹೇಳಿಕೊಂಡ.

"ಮಾರ್ಚ್ ಬರೀರಿ ಸಾಹೇಬ್ರ," ಎಂದ ಇನಾಸ ತಡವಿಲ್ಲದೆ. "ಸೆಪ್ಟೆಂಬರದಾಗ ಮಳಿ ಇರತೈತಿ, ಕೊಡಿ ಹಿಡಕೊಂಡು ಪರೀಕ್ಷಾ ಬರೀತೀರೇನು?"

"ಯಾರಿಗೂ ಹೇಳಬ್ಯಾಡ ಮತ್ತ."

"ನನ್ನ ಬಾಯಿ ಅಂದ್ರ ಔಷಧಿ ಬಾಟ್ಲಿ ಬೂಚು ಇದ್ದಂಗ್ರಿ."

ಔಷಧಿ ಬಾಟಲಿಯ ಬೂಚನ್ನು ಇನಾಸ ದಿನಕ್ಕೆ ಇನ್ನೂರು ಸಲ ತೆಗೆಯುತ್ತಿದ್ದ ಎಂಬುದು ಕರಿಬಸಪ್ಪನಿಗೆ ಆಗ ಹೊಳೆಯಲಿಲ್ಲ. ಒಂದು ತಾಸು ಕಳೆಯುವುದರೊಳಗೆ ಅವನ ಮನೆಯ ಪಕ್ಕದ ಗೋದುಬಾಯಿ ತನ್ನ ತೋಳು ಹಿಡಿದುಕೊಂಡು ಬಂದು ಎದುರಿಗೆ ನಿಂತಳು.

"ಏನ್ರಿ ಡಾಕ್ಟರ್ರ, ನೀವು ಇನ್ನೂ ಪಾಸ್ ಆಗಿಲ್ಲಂತಲ್ರಿ?"

"ಪಾಸಾಗೀನಿ ಬಾಯಿ. ಇದು ಬ್ಯಾರೆ ಪರೀಕ್ಷಾ."

"ಪಾಸಾದವ್ರು ಮತ್ತ ಯಾಕ ಕೂಡ್ತೀರಿ? ನನ್ನ ಮಗಾ ನಾಲ್ಕನೇ ಕ್ಲಾಸಿಗೆ ಎರಡು ಸಲ ಕೂತಾ. ಯಾಕ ಕೂತಾ ಅಂತ ಊರಿಗೆಲ್ಲ ಗೊತ್ತೈತಿ." ಆಕೆ ತೋಳನ್ನು ಮುಂದೆ ಚಾಚಿದಳು. "ಅಲ್ರಿ, ನಿನ್ನೆ ಹಾಕಿದ್ರಲ್ಲ ಸೂಜಿ, ಅದು ನಡೀತೈತಿ? ಇಲ್ಲಾ ದೊಡ್ಡ ಡಾಕ್ಟರ ಕಡೆ ಮತ್ತೊಮ್ಮಿ ಹಾಕಿಸ್ಕೊಳ್ಳಲಿ?"

ಇಷ್ಟು ಸಾಕಾಯಿತು. ಅವನ ಬಾಗಿಲಲ್ಲಿ ಕೂತಿದ್ದ ರೋಗಿಗಳೆಲ್ಲ ಕಟ್ಟು ಬಿಚ್ಚಿದ ಬಿದಿರಿನ ಹೊರೆಯಂತೆ ಉರುಳುತ್ತ ಎದುರಿನ ಕೋಣೆಯ ಬಾಗಿಲಿಗೆ ಹೋಗಿ ಸೇರಿದರು. ಅಲ್ಲಿ ಹಿರಿಯ ಡಾಕ್ಟರ್ ಅಂದಾನೆಪ್ಪನವರು ಒಬ್ಬರೇ ಬೆವರತೊಡಗಿದರು. ಪರೀಕ್ಷೆಗೆ ಬೇಕಾಗುವ ರಜೆಯ ವಿಷಯ ಕೇಳೋಣವೆಂದು ಕರಿಬಸಪ್ಪ ಒಳಗೆ ಇಣುಕಿದರೆ, ಅವರು ಕಿವಿಯಲ್ಲಿ ಸ್ಟೆತಸ್ಕೋಪು ಇಟ್ಟುಕೊಂಡೇ ಕೈಬೀಸಿದರು: "ಏನಿದ್ರೂ ಮುಗಿಸ್ಕೊಂಡು ಬಾರಪಾ, ಆಮ್ಯಾಲೆ ಮಾತಾಡೂಣು."

ಅರ್ಜಿಗೆ ದೊಡ್ಡ ಅಧಿಕಾರಿಯೊಬ್ಬರ ಸಹಿ ಬೇಕಿತ್ತು. ಊರಲ್ಲಿದ್ದವರೆಂದರೆ ಅರಣ್ಯ ಇಲಾಖೆಯ ಸಾಹೇಬರು. ಅವರು ಅಂದು ಕಟ್ಟಿಗೆ ಡಿಪೋದಲ್ಲಿ ಸಾಗವಾನಿ ದಿಮ್ಮಿಗಳ ಲಿಲಾವು ನಡೆಸುತ್ತಿದ್ದರು. ಬೆಳಗಾವಿ, ಹುಬ್ಬಳ್ಳಿ, ಗೋವೆಯಿಂದ ಬಂದ ವ್ಯಾಪಾರಿಗಳು ದಿಮ್ಮಿಗಳ ಮೇಲೆ ಹತ್ತಿ ಕೂತು ಹರಾಜಿನ ಸವಾಲು ಕೂಗುತ್ತಿದ್ದರು. ಕರಿಬಸಪ್ಪ ಸಂಕೋಚದಿಂದ ಕಾದ. ಹನ್ನೊಂದಾಯಿತು, ಹನ್ನೆರಡಾಯಿತು. ಎರಡೂವರೆಗೆ ಸಾಹೇಬರು ಅವನ ಕಡೆ ನೋಡಿದರು.

"ಇಲ್ಲಿ ತಿಂಗಳಾ ಬರದಿಲ್ಲಲ್ರಿ? ಖಾಲಿ ಚೌಕಕ್ಕ ನಾ ಹೆಂಗ ಸಹಿ ಮಾಡ್ಲಿ?"

ಕರಿಬಸಪ್ಪ ಎರಡೂ ತಿಂಗಳ ಗುಣದೋಷಗಳನ್ನು ವಿವರಿಸತೊಡಗಿದ. ಸುತ್ತಲಿದ್ದವರಿಗೆ ಬೆಳಗಿನಿಂದ ಕಟ್ಟಿಗೆ ನೋಡಿ ನೋಡಿ ಬೇಸರವಾಗಿತ್ತು.

"ಮಾರ್ಚ್!" ಎಂದು ಕೂಗಿದ ಒಬ್ಬ ದಪ್ಪ ವ್ಯಾಪಾರಿ. "ಹಸೀ ಇದ್ದಾಗ ಕೊಯ್ದ್ರ ಗರಗಸ ಹಗುರ ಓಡತೈತ್ರಿ."

"ಛೇ ಛೇ, ಸೆಪ್ಟೆಂಬರ್! ಒಣಗಲಿ. ಹಸೀ ಮಾಲು ಸೀಳತೈತಿ!"

"ಮಾರ್ಚ್!" "ಸೆಪ್ಟೆಂಬರ್!" "ಮಾರ್ಚ್ರಿ, ಮಾರ್ಚ್!"

ರೂಢಿಯ ಬಲ ದೊಡ್ಡದು. ಸಾಹೇಬರ ಕೈ ತಾನಾಗಿಯೇ ಸುತ್ತಿಗೆಗೆ ಹೋಯಿತು. "ಮಾರ್ಚ್ ಒಂದ್ ಸಲ... ಮಾರ್ಚ್ ಎರಡ್ ಸಲ..." ಎದುರು ಸವಾಲಿಗಾಗಿ ಅವರು ಒಮ್ಮೆ ಸುತ್ತಲೂ ನೋಡಿದರು. ಸೆಪ್ಟೆಂಬರಿನವನು ಅಷ್ಟರಲ್ಲಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡಿದ್ದ. "ಮೂರ್ ಸಲ!"

ಸುತ್ತಿಗೆ ಬಿದ್ದ ಸದ್ದಿಗೆ ಬೆಚ್ಚಿ ಕರಿಬಸಪ್ಪ ಚೌಕದಲ್ಲಿ 'ಮಾರ್ಚ್' ಎಂದು ಬರೆದೇಬಿಟ್ಟ. ಸಾಹೇಬರು ಸಹಿ ಹಾಕಿ, ಅಭ್ಯಾಸಬಲದಿಂದ "ಮುಂದಿನ ಮಾಲು!" ಎಂದರು.

ಅಲ್ಲಿಂದ ಬಸ್ ನಿಲ್ದಾಣಕ್ಕೆ ಅವನು ಓಡಿದ ಓಟವನ್ನು ದಾಂಡೇಲಿ ಬಹಳ ದಿನ ನೆನೆಯಿತು. ಬಸ್ಸು ಹೊರಟಿತ್ತು. ಕಂಡಕ್ಟರ್ ಸಾತಪ್ಪ ಗಂಟೆ ಬಾರಿಸಿ ನಿಲ್ಲಿಸಿ, ಕಿಟಕಿಯಿಂದ ಕೈಚಾಚಿದ. "ಪಾಸಾಗದ ಡಾಕ್ಟರು ನೀವ ಏನ್ರಿ? ಕೊಡ್ರಿ ಇಲ್ಲೆ. ಹಳಿಯಾಳದಾಗ ಟಪಾಲಿಗೆ ನಾನ ಹಾಕ್ತೇನಿ. ಚಲೋತ್ನಾಗಿ ಓದ್ರಿ ಈ ಸಲರೆ!"

ಬಸ್ಸಿನ ಧೂಳಿನಲ್ಲಿ ನಿಂತು ಕರಿಬಸಪ್ಪ ನಕ್ಕ. ನಿರ್ಧಾರ ತನ್ನದಲ್ಲ, ಆದರೂ ಆಯಿತಲ್ಲ! ಅರ್ಧವೂ ಆಗದ ಓದನ್ನು ಮೂರು ತಿಂಗಳಲ್ಲಿ ಮುಗಿಸಬಹುದು ಎಂಬ ಧೈರ್ಯ ಇದ್ದಕ್ಕಿದ್ದಂತೆ ಬಂತು.

ಆಸ್ಪತ್ರೆಯಲ್ಲಿ ಜನಸಂದಣಿ ಕರಗಿತ್ತು. ಅಂದಾನೆಪ್ಪನವರು ಒಬ್ಬರೇ ಸುಸ್ತಾಗಿ ಕೂತಿದ್ದರು. ಕರಿಬಸಪ್ಪ ಎಲ್ಲವನ್ನೂ ಹೇಳಿ ಮಾರ್ಚಿನಲ್ಲಿ ಒಂದು ವಾರ ರಜೆ ಕೇಳಿದ.

ಅವರು ಸ್ಟೆತಸ್ಕೋಪನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಕಳಿಸಿಬಿಟ್ಟಿ ಏನು?"

"ಹೌದ್ರಿ."

"ನಾನೂ ಮಾರ್ಚಿಗೇ ಕಳಿಸೇನಿ, ತಮ್ಮಾ. ತಿಂಗಳಾತು. ರಜಾನೂ ಮಂಜೂರಾಗೇತಿ."

ಇಬ್ಬರೇ ಡಾಕ್ಟರಿದ್ದ ಆಸ್ಪತ್ರೆ; ಒಬ್ಬರು ಹೋದರೆ ಇನ್ನೊಬ್ಬರು ಇರಲೇಬೇಕು.

"ಹನ್ನೊಂದು ವರ್ಷ ಮುಂದಿನ ಸಲ ನೋಡೂಣು, ಮುಂದಿನ ಸಲ ನೋಡೂಣು ಅಂತ ಕೂತೆ," ಎಂದರು ಅಂದಾನೆಪ್ಪ, ಮೇಜಿನ ಮೇಲೆ ಕಣ್ಣಿಟ್ಟು. "ಅಲ್ಲೆ ಮುಂಬಯಿದಾಗ ನಲವತ್ತು ದಾಟಿದವ್ರನ್ನ ತಗೋಳೂದಿಲ್ಲ. ನನಗ ಮೂವತ್ತೊಂಬತ್ತು. ಜನ ನಕ್ಕಾರು ಅಂತ ಯಾರಿಗೂ ಹೇಳಲಿಲ್ಲ. ನಿನಗ ಹೇಳಬೇಕಿತ್ತು."

ಹೆಸರು ಕೊಟ್ಟು ಕೂರದವನನ್ನೂ ನಪಾಸಾದವರ ಪಟ್ಟಿಗೇ ಸೇರಿಸುತ್ತಾರೆ. ಬಸ್ಸು ಇಷ್ಟೊತ್ತಿಗೆ ಹಳಿಯಾಳ ಮುಟ್ಟಿರಬೇಕು. ಬೇಡಿಕೊಂಡಿದ್ದರೆ ಅಂದಾನೆಪ್ಪನವರು ಬಿಟ್ಟುಕೊಡುತ್ತಿದ್ದರು, ಅಷ್ಟು ಒಳ್ಳೆಯವರು. ಅದಕ್ಕೇ ಕರಿಬಸಪ್ಪ ಬೇಡಿಕೊಳ್ಳಲಿಲ್ಲ.

"ಹೋಗಿ ಬರ್ರಿ," ಎಂದ ಕೊನೆಗೆ. "ನನಗಿನ್ನೂ ಇಪ್ಪತ್ತಾರು."

ಅವರ ಮುಖ ಬೆಳಗಿತು. ಮೇಜಿನ ಕೆಳಗಿಂದ ಕಾಗದ ಸುತ್ತಿದ ದಪ್ಪ ಪುಸ್ತಕವೊಂದನ್ನು ತೆಗೆದರು. "ಇನ್ನೊಂದು ಮಾತಪಾ. ಕೇಳಾಕ ನಾಚಿಕಿ ಬರತೈತಿ. ಓದಿದ್ದೆಲ್ಲ ಮರತು ಹೋಗೇತಿ ನನಗ. ನಿಂದು ಹೊಸಾ ಓದು. ದಿನಾ ಸಂಜೀಕ ಒಂದು ತಾಸು ಹೇಳಿಕೊಡ್ತೀಯೇನು? ಇದು ನೋಡು, ಈ ಪಾಠ ನನ್ನ ತಲೀಗೇ ಹತ್ತವಲ್ದು."

ಕರಿಬಸಪ್ಪ ಕುರ್ಚಿ ಎಳೆದುಕೊಂಡು ಕೂತು ಬಗ್ಗಿ ನೋಡಿದ. ತಾನು ಕಷ್ಟವೆಂದು ಮುಟ್ಟದೆ ಬಿಟ್ಟಿದ್ದ ಪಾಠ ಅದು.

"ಇದನ್ನ ನಾಳೆ ಹೇಳ್ತೇನ್ರಿ," ಎಂದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತ. "ಇವತ್ತು ನಾನು ಓದಬೇಕು."