ಚೌಕಾಶಿ ಚಕ್ರವರ್ತಿ ಇಬ್ರಾಕ್ಕೆ ಹೋದದ್ದು

“ಈ ಸಲ ಊರಿಗೆ ಹೋಗುವಾಗ ನನ್ನ ಪೆಟ್ಟಿಗೆಯಲ್ಲಿ ಒಂದೇ ಒಂದು ಟ್ಯಾಂಗ್ ಡಬ್ಬ ಕಂಡರೆ ನಾನು ಸಿರಿಲ್ ಮಥಾಯಸನೇ ಅಲ್ಲ!”

ಒಮಾನಿನ ಸೀಬ್ ಪಟ್ಟಣದ ಎರಡು ಕೋಣೆಯ ಫ್ಲಾಟಿನಲ್ಲಿ ಚಹಾ ಲೋಟವನ್ನು ಮೇಜಿಗೆ ಕುಟ್ಟಿ ಸಿರಿಲ್ ಹೀಗೊಂದು ರಾಜಶಾಸನ ಹೊರಡಿಸಿದ. 1993ರ ಈಸ್ಟರ್ ಆಗಷ್ಟೇ ಮುಗಿದಿತ್ತು. ಹೆಂಡತಿ ಐಡಾಳ ಒಬ್ಬಳೇ ತಂಗಿ ಇಸಾಬೆಲ್ಲಾಳ ಮದುವೆಗೆ ಮೂರು ವಾರ ಬಾಕಿ. ಹನ್ನೆರಡು ವರ್ಷಗಳಿಂದ ಅಲ್ಲಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಸಿರಿಲ್ ಪ್ರತಿ ರಜೆಯಲ್ಲೂ ಟ್ಯಾಂಗ್, ಹಾಲಿನ ಪುಡಿ, ತಲೆನೋವಿನ ಬಾಮು, ಹೂವಿನ ಕಂಬಳಿ ಹೊತ್ತುಕೊಂಡು ಹೋಗುತ್ತಿದ್ದ. ಅವನು ಹಂಚಿದ ಬಾಮಿನ ಲೆಕ್ಕ ಹಿಡಿದರೆ ಅವನ ಊರು ಶಿರ್ವದಲ್ಲಿ ಯಾರಿಗೂ ಇನ್ನು ತಲೆನೋವೇ ಬರಬಾರದು! ಈ ಸಲ ಹಾಗಲ್ಲ. ಈ ಸಲ ಅಸಲಿ ಒಮಾನಿ ಕೈಕೆಲಸ. ಹಳೆಯ ಕಾಲದ ಬೆಳ್ಳಿಯ ಸರ. ಅದೂ ಅರ್ಧ ಕ್ರಯಕ್ಕೆ!

“ಸರವನ್ನು ನಾನು ಆರಿಸ್ತೇನೆ,” ಎಂದಳು ಐಡಾ.

“ಆರಿಸು ಮಾರಾಯ್ತಿ, ಯಾರು ಬೇಡ ಅಂದದ್ದು? ಮಾತಾಡುವ ಕೆಲಸ ಮಾತ್ರ ನನಗೆ ಬಿಡು.”

“ಹನ್ನೊಂದು ವರ್ಷದಿಂದ ನಿಮಗೇ ಬಿಟ್ಟದ್ದಲ್ವಾ?”

ಆ ಮಾತಿನಲ್ಲಿ ಸ್ವಲ್ಪ ಖಾರವಿತ್ತು. ಇರಬೇಕಾದದ್ದೇ. ತಾಯಿ ತೀರಿಕೊಂಡಾಗ ಇಸಾಬೆಲ್ಲಾಗೆ ಆರು ವರ್ಷ. ಅವಳಿಗೆ ಜಡೆ ಹಾಕಿ, ಗಂಜಿ ಉಣಿಸಿ, ಶಾಲೆಗೆ ಕಳಿಸಿ ಸಾಕಿದವಳು ಐಡಾ. ಮದುವೆಯಾಗಿ ಗಲ್ಫಿಗೆ ಬಂದ ಮೇಲೆ ತಂಗಿಗೆ ಕಳಿಸಿದ ವಾಚು, ಸೆಂಟು, ಸೀರೆ ಎಲ್ಲವೂ ಸಿರಿಲನ ಆಯ್ಕೆ, ಸಿರಿಲನ ಚೌಕಾಶಿ. ಮದುವೆಗಾದರೂ ಒಂದು ವಸ್ತುವನ್ನು ತಾನೇ ಮುಟ್ಟಿ, ಆರಿಸಿ ಕೊಡಬೇಕೆಂದು ಅವಳಿಗೆ ಆಸೆ. ಅಷ್ಟೇ ಅವಳು ಕೇಳಿದ್ದು.

ಇನ್ನು ಸಿರಿಲನ ಚೌಕಾಶಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಅದು ಮಂಗಳೂರಿನ ಮೀನು ಮಾರ್ಕೆಟ್ಟೆಂಬ ಮಹಾ ವಿಶ್ವವಿದ್ಯಾಲಯದಲ್ಲಿ ಕಲಿತ ವಿದ್ಯೆ! ಕೇಳಿದ್ದರ ಅರ್ಧ ಹೇಳಬೇಕು. ಬಂಗುಡೆಯ ಕಿವಿರು ಎತ್ತಿ ನೋಡಿ, ಮನೆಯಲ್ಲಿ ಯಾರೋ ಸತ್ತವರಂತೆ ಮುಖ ಮಾಡಬೇಕು. ಆಮೇಲೆ ಬುಟ್ಟಿ ಬಿಟ್ಟು ನಾಲ್ಕು ಹೆಜ್ಜೆ ನಡೆಯಬೇಕು. ನಾಲ್ಕನೆಯ ಹೆಜ್ಜೆಗೆ ಸರಿಯಾಗಿ ಹಿಂದಿನಿಂದ “ಬಲೆ, ಬಲೆ!”, ಬನ್ನಿ ಬನ್ನಿ ಎಂದು ತುಳುವಿನಲ್ಲಿ ಮೀನಿನವಳ ಕರೆ ಬಂದೇ ಬರುತ್ತದೆ. ಈ ನಾಲ್ಕು ಹೆಜ್ಜೆಯ ಶಾಸ್ತ್ರ ಭೂಮಿಯ ಮೇಲೆ ಎಲ್ಲಿ ಬೇಕಾದರೂ ನಡೆಯುತ್ತದೆಂದು ಸಿರಿಲ್ ನಂಬಿದ್ದ.

ಒಮಾನಿನ ಒಳನಾಡಿನ ಇಬ್ರಾ ಪಟ್ಟಣದಲ್ಲಿ ಬಂಟ್ವಾಳ ಕಡೆಯ ಅದ್ದು ಬ್ಯಾರಿಯವರ ಬಟ್ಟೆ ಅಂಗಡಿ ಇತ್ತು. ಸಿರಿಲ್ ಅವರಿಗೆ ಫೋನ್ ಮಾಡಿದ. ಊರಿನ ವಾಡಿಕೆಯಂತೆ ಕ್ರೈಸ್ತನಾದ ಅವನನ್ನು ಬ್ಯಾರಿ ಕರೆಯುತ್ತಿದ್ದದ್ದು ಪೊರ್ಬುಗಳೆಂದೇ.

“ಬನ್ನಿ ಪೊರ್ಬುಗಳೇ, ಬುಧವಾರ ಬೆಳಿಗ್ಗೆ ಸಂತೆ ಉಂಟು. ಹಳೇ ಬೆಳ್ಳಿ ಸಿಗ್ತದೆ. ಆದ್ರೆ ಒಂದು ವಿಷಯ...”

“ಗೊತ್ತುಂಟು ಬ್ಯಾರಿಗಳೇ, ನನಗೆ ಎಲ್ಲ ಗೊತ್ತುಂಟು!” ಎಂದು ಸಿರಿಲ್ ಫೋನ್ ಇಟ್ಟೇಬಿಟ್ಟ.

ಬುಧವಾರ ರಜೆ ಹಾಕಿ, ಮಕ್ಕಳನ್ನು ಪಕ್ಕದ ಮನೆಯ ಇವ್ಲಿನ್ ಬಾಯಿಯವರಿಗೆ ಒಪ್ಪಿಸಿ, ಎರಡು ಗಂಟೆ ಕಾರು ಓಡಿಸಿ ಇಬ್ರಾ ಮುಟ್ಟಿದರು. ಚಕ್ರವರ್ತಿಗಳು ಪ್ಯಾಂಟು ಮೇಲೆಳೆದುಕೊಂಡು ಸಂತೆಯ ಬಾಗಿಲಿಗೆ ಬಂದರೆ, ಅಲ್ಲಿ ಕೂತಿದ್ದ ಬಿಳಿ ಗಡ್ಡದ ಮುದುಕ ಕೋಲು ಅಡ್ಡ ಹಿಡಿದ. ಐಡಾಳಿಗೆ “ಹೋಗಮ್ಮಾ” ಎಂಬಂತೆ ಕೈ ತೋರಿಸಿದ. ಸಿರಿಲ್ ಮುಂದೆ ಹೆಜ್ಜೆ ಇಟ್ಟರೆ ಮತ್ತೆ ಕೋಲು!

ಎದುರಿನ ಅಂಗಡಿಯಿಂದ ಅದ್ದು ಬ್ಯಾರಿ ಲುಂಗಿ ಎತ್ತಿಕೊಂಡು ಓಡಿಬಂದರು. “ಅದೇ ಅಲ್ವಾ ಮಾರಾಯ್ರೆ ನಾನು ಹೇಳ್ಲಿಕ್ಕೆ ಹೊರಟದ್ದು? ಬುಧವಾರದ ಸಂತೆ ಹೆಂಗಸರದ್ದು. ಮಾರುವವರೂ ಹೆಂಗಸರು, ಕೊಳ್ಳುವವರೂ ಹೆಂಗಸರು. ಗಂಡಸರು ಒಳಗೆ ಹೋಗುವ ಹಾಗಿಲ್ಲ!”

ಐಡಾಳ ಮುಖ ಅರಳಿದ್ದನ್ನು ಸಿರಿಲ್ ನೋಡಲಿಲ್ಲ. ನೋಡಲು ಪುರುಸೊತ್ತೆಲ್ಲಿತ್ತು? ಅವನು ಅಲ್ಲೇ ಬಿಸಿಲಿನಲ್ಲಿ ಅವಳಿಗೆ ಪಾಠ ಶುರು ಮಾಡಿದ್ದ. “ಅರ್ಧ ಹೇಳು. ಮುಖ ಕಿವುಚು. ನಾಲ್ಕು ಹೆಜ್ಜೆ ನಡೆ. ತಿರುಗಿ ಮಾತ್ರ ನೋಡಬೇಡ!”

“ಆಯ್ತು, ಆಯ್ತು,” ಎಂದು ಅವಳು ಒಳಗೆ ಹೋದಳು.

ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಸಿರಿಲ್ ಬಾಗಿಲಲ್ಲಿ ಇಣುಕುವುದು, ಮುದುಕ ಕೋಲು ಎತ್ತುವುದು ನಡೆದೇ ಇತ್ತು. ಕೊನೆಗೆ ಐಡಾ ಹೊರಗೆ ಬಂದಳು. ಕೈಯಲ್ಲಿ ಬೆಳ್ಳಿಯ ಸರ! ದೊಡ್ಡ ದೊಡ್ಡ ಗುಂಡುಗಳು, ನಡುವೆ ಕೈ ತಾಗಿ ತಾಗಿ ಸವೆದ ಹಳೆಯ ನಾಣ್ಯ. ಅವಳ ಕಣ್ಣಲ್ಲಿ ನೀರಿತ್ತು, ಸಂತೋಷದ್ದು.

“ಜಮೀಲಾ ಅಂತ ಹೆಸರು. ಇದು ಅವಳದ್ದೇ ಮದುವೆಯ ಸರ ಅಂತೆ. ಗಂಡ ಮೊದಲು ಹಡಗಿನಲ್ಲಿ ಬೊಂಬಾಯಿಗೆಲ್ಲ ಹೋಗ್ತಿದ್ದರಂತೆ, ಅವಳಿಗೂ ಹಿಂದಿ ಬರ್ತದೆ. ಚಾಪೆಯಲ್ಲಿ ಕೂರಿಸಿ ಖರ್ಜೂರ ಕೊಟ್ಟಳು, ಇಲ್ಲಿನ ಕಾಫಿ ಉಂಟಲ್ಲ, ಕಹ್ವಾ, ಅದನ್ನೂ ಕೊಟ್ಟಳು. ತಾಯಿ ಇಲ್ಲದ ತಂಗಿಯ ಮದುವೆಗೆ ಅಂದೆ. ಇಸಾಬೆಲ್ಲಾಳ ಹೆಸರನ್ನೂ ಕೇಳಿ ತಿಳ್ಕೊಂಡಳು.”

“ಅದೆಲ್ಲ ಇರ್ಲಿ. ಎಷ್ಟಕ್ಕೆ ಕೊಟ್ಟಳು?”

“ನಲ್ವತ್ತು ರಿಯಾಲಿಗೆ.”

“ಅವಳು ಮೊದಲು ಕೇಳಿದ್ದು?”

“ನಲ್ವತ್ತೇ.”

ದೇವರೇ! ಚಕ್ರವರ್ತಿಗಳ ಸಾಮ್ರಾಜ್ಯ ಆ ಕ್ಷಣಕ್ಕೇ ಮುಳುಗಿತು. “ನಿನ್ನ ಮಂಡೆ ಸಮ ಉಂಟಾ? ನಾಲ್ಕು ಹೆಜ್ಜೆ ನಡೀಲಿಕ್ಕೆ ಹೇಳಿರ್ಲಿಲ್ವಾ?”

“ಅವಳ ಚಾಪೆಯಲ್ಲಿ ಕೂತು, ಅವಳ ಕಹ್ವಾ ಕುಡಿದು, ಎದ್ದು ನಾಲ್ಕು ಹೆಜ್ಜೆ ನಡೆಯುವುದು ಹೇಗೆ? ನಾಚಿಕೆ ಆಗುವುದಿಲ್ವಾ?”

“ನಾಚಿಕೆಯ ಬೆಲೆ ಇಪ್ಪತ್ತು ರಿಯಾಲು! ಕರೆಸು ಅವಳನ್ನು!”

“ಬೇಡ. ನನ್ನ ಮೇಲೆ ಆಣೆ ಉಂಟು, ಬೇಡ.” ಐಡಾ ಅವನ ತೋಳು ಹಿಡಿದುಕೊಂಡಳು. “ಬಿಡಿ ಪೊರ್ಬುಗಳೇ, ಅಗ್ಗಕ್ಕೇ ಸಿಕ್ಕಿದೆ,” ಎಂದು ಅದ್ದು ಬ್ಯಾರಿಯೂ ಹೇಳಿದರು. ಆದರೆ ಮೀನು ಮಾರ್ಕೆಟ್ಟಿನ ಪದವೀಧರನಿಗೆ ಬುದ್ಧಿ ಹೇಳುವವರು ಯಾರು? ಮುದುಕನ ಬಾಯಲ್ಲಿ ಹೇಳಿ ಕಳಿಸಿ, ಜಮೀಲಾಳನ್ನು ಬಾಗಿಲಿಗೆ ಕರೆಸಿಯೇ ಬಿಟ್ಟ.

ಕಪ್ಪು ಬಟ್ಟೆ ಹೊದ್ದ ವಯಸ್ಸಾದ ಹೆಂಗಸು. ಸಿರಿಲ್ ಸರವನ್ನು ಹೆಂಡತಿಯ ಕೈಯಿಂದ ಕಿತ್ತುಕೊಂಡು, ಗುಂಡುಗಳನ್ನು ತಿರುಗಿಸಿ ನೋಡಿ ಮುಖ ಕಿವುಚಿದ. “ಇಪ್ಪತ್ತಕ್ಕೆ ಕೊಡ್ತೀಯಾದರೆ ಕೊಡು. ಇಲ್ಲದಿದ್ದರೆ ಬೇಡ,” ಎಂದು ಹಿಂದಿಯಲ್ಲಿ ಗುಡುಗಿದ.

ಜಮೀಲಾ ಅವನ ಕಡೆ ನೋಡಲೂ ಇಲ್ಲ. ಐಡಾಳನ್ನೇ ನೋಡಿದಳು. ಸರ ತೆಗೆದುಕೊಂಡಳು. ನಲ್ವತ್ತು ರಿಯಾಲನ್ನು ಐಡಾಳ ಅಂಗೈಗೆ ಇಟ್ಟು ಬೆರಳು ಮಡಚಿದಳು.

ಸಿರಿಲ್ ಬೆನ್ನು ತಿರುಗಿಸಿದ. ಒಂದು. ಎರಡು. ಮೂರು. ನಾಲ್ಕು... ಐದನೆಯದನ್ನು ಸ್ವಲ್ಪ ನಿಧಾನವಾಗಿ ಇಟ್ಟ. ಆರಕ್ಕೆ ಕೆಮ್ಮಿದ. ಏಳಕ್ಕೆ ಬಗ್ಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಹದಿನಾಲ್ಕಕ್ಕೆ ಅವನ ಕಾರೇ ಬಂದುಬಿಟ್ಟಿತು! ತಿರುಗಿ ನೋಡಿದರೆ ಬಾಗಿಲಲ್ಲಿ ಜಮೀಲಾ ಇಲ್ಲ. ಮುದುಕ ಮಾತ್ರ ಕೋಲು ಊರಿ ಕೂತಿದ್ದ.

“ನಲ್ವತ್ತೇ ಕೊಡ್ತೇನೆ ಅನ್ನಿ!” ಎಂದು ಓಡಿಬಂದ ಸಿರಿಲನಿಗೆ ಮುದುಕ ಎರಡೂ ಕೈ ಒರೆಸಿ ತೋರಿಸಿದ. “ಖಲಾಸ್.”

“ಐಡಾ, ನೀನಾದ್ರೂ ಹೋಗಿ ಕೇಳು.”

“ಯಾವ ಮುಖ ಇಟ್ಕೊಂಡು ಹೋಗ್ಲಿ?” ಎಂದು ಅವಳು ಕಾರಿನಲ್ಲಿ ಕೂತಳು.

ಸೀಬಿನವರೆಗಿನ ಎರಡು ಗಂಟೆಯ ದಾರಿಯಲ್ಲಿ ಐಡಾ ಬೈಯಲಿಲ್ಲ. ಅವಳು ಅಳಲೂ ಇಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರುದಿನ ಸಂಜೆ ಅವಳೇ ಪೇಟೆಗೆ ಹೋಗಿ ಟ್ಯಾಂಗ್, ಬಾಮು, ಕಂಬಳಿ ತಂದು ಪೆಟ್ಟಿಗೆಗೆ ತುಂಬಿಸಿದಳು. ಸಿರಿಲ್ ಆ ಡಬ್ಬಗಳನ್ನು ಎಣಿಸುತ್ತ ಕೂತ. ಹನ್ನೊಂದು ವರ್ಷದಲ್ಲಿ ಅವಳು ಒಂದೇ ಒಂದು ಸಲ ಕಣ್ಣರಳಿಸಿ ತಂದ ವಸ್ತು! ಅದನ್ನು ಇಪ್ಪತ್ತು ರಿಯಾಲಿಗೆ ತಾನೇ ಹಾಳು ಮಾಡಿದ್ದ. ಪಶ್ಚಾತ್ತಾಪ ಅಂದರೆ ಏನೆಂದು ಅವನಿಗೆ ಅರ್ಥವಾದದ್ದು ಆ ವಾರ. ಅಲ್ಲಿಯವರೆಗೆ ಅದನ್ನು ಅವನು ಇಗರ್ಜಿಯಲ್ಲಿ ಪಾದ್ರಿಗಳ ಬಾಯಲ್ಲಿ ಮಾತ್ರ ಕೇಳಿದ್ದ.

ಮುಂದಿನ ಬುಧವಾರ ಮ್ಯಾನೇಜರನ ಕಾಲು ಹಿಡಿಯುವುದೊಂದು ಬಾಕಿ, ಮತ್ತೆ ರಜೆ ಪಡೆದ. “ಹೋಗುವ ಐಡಾ. ಅವಳು ಎಷ್ಟು ಕೇಳಿದರೂ ಕೊಡು. ನಾನು ಬಾಯಿ ತೆರೆಯುವುದಿಲ್ಲ.”

ಇಬ್ರಾದಲ್ಲಿ ಮುದುಕನ ಪಕ್ಕದ ಕಲ್ಲಿನ ಮೇಲೆ, ಕೈಕಟ್ಟಿ, ಶಾಲೆಯಲ್ಲಿ ಶಿಕ್ಷೆಗೆ ಕೂತ ಹುಡುಗನ ಹಾಗೆ ಸಿರಿಲ್ ಕೂತ. ಇಣುಕಲಿಲ್ಲ. ಎರಡು ಗಂಟೆಯಾದ ಮೇಲೆ ಐಡಾ ಬಂದಳು. ಕೈಯಲ್ಲಿ ಧೂಪ ಹಾಕುವ ಮಣ್ಣಿನ ಪುಟ್ಟ ಮಡಕೆ, ಅಷ್ಟೇ.

“ಸರ?”

“ಅವತ್ತೇ ಹೋಯ್ತಂತೆ. ಯಾರೋ ಮದುಮಗಳ ತಾಯಿ ತಗೊಂಡಳಂತೆ.” ಅವಳು ಮಡಕೆಯನ್ನು ಸೆರಗಿನಿಂದ ಒರೆಸಿದಳು. “ಇಸಾಬೆಲ್ಲಾಗೆ ಇದನ್ನು ಆರಿಸಿದೆ.”

“ಎಷ್ಟು...” ಎಂದವನು ಉಳಿದದ್ದನ್ನು ಹಾಗೇ ನುಂಗಿಕೊಂಡ. “ತುಂಬ ಚಂದ ಉಂಟು. ಇದಕ್ಕೆ ಎರಡು ಗಂಟೆ ಬೇಕಾಯ್ತಾ?”

“ಮಾತಾಡ್ತಾ ಕೂತೆವು. ಆ ಸರ ಅವಳ ಗಂಡ ಮದುವೆಗೆ ಅಂತ ಕೊಟ್ಟದ್ದಂತೆ. ಇಲ್ಲಿ ಗಂಡು ಕೊಡಬೇಕಲ್ವಾ, ಮಹರ್. ನಿನ್ನ ಗಂಡ ನಿನಗೆ ಎಷ್ಟು ಕೊಟ್ಟ ಅಂತ ಕೇಳಿದಳು.”

ಸಿರಿಲ್ ಜೇಬಿನಿಂದ ಕಾರಿನ ಕೀಲಿಕೈ ತೆಗೆದ. “ನೀನೇನು ಹೇಳಿದಿ?”

“ಇದ್ದದ್ದು ಹೇಳಿದೆ. ನಮ್ಮಲ್ಲಿ ಹಾಗಲ್ಲ, ನನ್ನ ಅಪ್ಪ ನನ್ನ ಗಂಡನಿಗೆ ಕೊಟ್ಟದ್ದು ಅಂದೆ. ಅವಳಿಗೆ ನಂಬಿಕೆಯೇ ಬರಲಿಲ್ಲ. ಬಾಗಿಲಲ್ಲಿ ಬೊಬ್ಬೆ ಹಾಕಿದ ಅದೇ ಗಂಡಸಿಗಾ? ಅಂತ ಎರಡು ಸಲ ಕೇಳಿದಳು. ಅಪ್ಪ ಚೌಕಾಶಿ ಮಾಡಲಿಲ್ವಾ? ಅಂತ ಕೇಳಿದಳು. ಇಲ್ಲಮ್ಮಾ, ಒಂದು ಗದ್ದೆ ಮಾರಿ, ಕೇಳಿದಷ್ಟೂ ಕೊಟ್ಟರು ಅಂದೆ.”

ಸಿರಿಲ್ ಕಾರಿನ ಕೀಲಿಕೈಯನ್ನೇ ನೋಡುತ್ತ ನಿಂತ. ತಲೆ ಎತ್ತಲು ಧೈರ್ಯವಾಗಲಿಲ್ಲ. “ಅದಕ್ಕೆ ಅವಳೇನು ಹೇಳಿದಳು?”

“ನನ್ನ ಲೋಟಕ್ಕೆ ಇನ್ನೂ ಸ್ವಲ್ಪ ಕಹ್ವಾ ಹೊಯ್ದಳು, ಪಾಪ. ಆಮೇಲೆ, ‘ನಾನು ಸರ ವಾಪಸ್ ತಗೊಂಡು ಹಣ ಕೊಟ್ಟೆ ಅಲ್ವಾ, ಹಾಗೆ ಅವನ ಮನೆಯವರು ಅವನನ್ನು ವಾಪಸ್ ತಗೊಳ್ಳುವುದಿಲ್ವಾ?’ ಅಂತ ಕೇಳಿದಳು.”

“ನೀನು?”

ಐಡಾ ಮಡಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಾರಿನ ಬಾಗಿಲು ಎಳೆದುಕೊಂಡಳು.

“ಹನ್ನೊಂದು ವರ್ಷ ಬಳಸಿದ ಮಾಲು, ಇನ್ನು ಯಾರು ತಗೊಳ್ತಾರೆ ಅಂದೆ.”